ಚೆಕ್ಕು, ಸಂಬಳ, ಪಾಲು: ವಕೀಲರ ಬಳಿ ಹೋಗುವ ಮುನ್ನ ನೀವೇ ಮಾಡಬೇಕಾದ ಕೆಲಸ

ಮಂಡ್ಯ, ಮೈಸೂರು ಕಡೆಯ ಓದುಗರು ಕೇಳುವ ಕಾನೂನು ಪ್ರಶ್ನೆಗಳನ್ನು ಜರಡಿ ಹಿಡಿದರೆ ಕೊನೆಗೆ ಉಳಿಯುವುದು ಮೂರೇ. ಕೈಸಾಲಕ್ಕೆ ಕೊಟ್ಟ ಚೆಕ್ಕು ವಾಪಸ್ಸು ಬಂತು, ಏನು ಮಾಡಲಿ? ಕೆಲಸ ಬಿಟ್ಟೆ, ಬಾಕಿ ಸಂಬಳ ಮತ್ತು ಗ್ರಾಚ್ಯುಟಿ ಕೊಡುತ್ತಿಲ್ಲ, ಯಾರನ್ನು ಕೇಳಲಿ? ಅಪ್ಪನ ಜಮೀನಿನಲ್ಲಿ ನನಗೂ ಪಾಲು ಬರುತ್ತದೆಯೇ?

ಮೂರಕ್ಕೂ ಕಾನೂನಿನಲ್ಲಿ ದಾರಿ ಇದೆ. ತೊಂದರೆ ಏನೆಂದರೆ, ಪ್ರಶ್ನೆ ನಮ್ಮವರೆಗೆ ಬರುವ ಹೊತ್ತಿಗೆ ಎಷ್ಟೋ ಜನರ ಗಡುವು ಕಳೆದುಹೋಗಿರುತ್ತದೆ. 'ಇವತ್ತು ಕೊಡ್ತೀನಿ, ನಾಳೆ ಕೊಡ್ತೀನಿ ಅಂದ. ಗೊತ್ತಿರೋರು ಅಂತ ಸುಮ್ಮನಿದ್ದೆ' ಎನ್ನುತ್ತಾರೆ. ನ್ಯಾಯ ನಿಮ್ಮ ಕಡೆ ಇದ್ದರೂ ತಾರೀಖು ನಿಮ್ಮ ಕಡೆ ಇಲ್ಲದಿದ್ದರೆ ಕೇಸು ಬಾಗಿಲಲ್ಲೇ ಬೀಳುತ್ತದೆ. ಕಾನೂನಿನ ಭಾಷೆಯಲ್ಲಿ ಇದಕ್ಕೆ ಕಾಲಮಿತಿ ಎಂದು ಹೆಸರು. ಇಂಥ ಕೆಲಸವನ್ನು ಇಷ್ಟು ದಿನದೊಳಗೆ ಮಾಡದಿದ್ದರೆ ಆಮೇಲೆ ಕೋರ್ಟು ಕೇಳುವುದಿಲ್ಲ ಎನ್ನುವ ಗಡುವು ಅದು. ಹಾಗಾಗಿ ಈ ಲೇಖನ ಕಾನೂನಿಗಿಂತ ಹೆಚ್ಚಾಗಿ ತಾರೀಖಿನ ಬಗ್ಗೆಯೇ ಮಾತಾಡುತ್ತದೆ. ಇದು ಸಾಮಾನ್ಯ ಮಾಹಿತಿ. ನಿಮ್ಮ ಕಾಗದಗಳನ್ನು ಕೈಯಲ್ಲಿ ಹಿಡಿದು ನೋಡಿದ ವಕೀಲರ ಮಾತೇ ನಿಮಗೆ ಅಂತಿಮ.

ಮೂರಕ್ಕೂ ಬೇಕಾದ ಸಿದ್ಧತೆ

ಮೊದಲು ಒಂದು ನೋಟ್‌ಬುಕ್ಕು ತೆಗೆದುಕೊಳ್ಳಿ. ಎಡಗಡೆ ತಾರೀಖು, ಬಲಗಡೆ ಅವತ್ತು ನಡೆದದ್ದು, ಅದಕ್ಕೆ ಇರುವ ಕಾಗದ. ಹಣ ಕೊಟ್ಟ ದಿನ, ಚೆಕ್ಕು ಕೈಗೆ ಬಂದ ದಿನ, ರಾಜೀನಾಮೆ ಕೊಟ್ಟ ದಿನ, ಅಪ್ಪ ತೀರಿಕೊಂಡ ದಿನ, ಖಾತೆ ಬದಲಾದದ್ದು ಗೊತ್ತಾದ ದಿನ. ಜಗಳದ ಕಥೆ ಬೇಡ. ವಕೀಲರ ಮುಂದೆ ಅರ್ಧ ಗಂಟೆ ಹೇಳುವ ಕಥೆಯಲ್ಲಿ ಅವರಿಗೆ ಬೇಕಾದದ್ದು ಈ ಎರಡು ಪುಟ ಮಾತ್ರ.

ಮೂಲ ಕಾಗದಗಳನ್ನು ಯಾರ ಕೈಗೂ ಕೊಡಬೇಡಿ. ಊರಿನ ಮುಖಂಡರಿಗಾಗಲಿ, ಕಚೇರಿ ಮುಂದೆ ಕೂತು ಅರ್ಜಿ ಬರೆದುಕೊಡುವವರಿಗಾಗಲಿ, ಮೊದಲ ಭೇಟಿಯಲ್ಲಿ ವಕೀಲರಿಗೂ ಜೆರಾಕ್ಸ್ ಸಾಕು. ಕೋರ್ಟಿಗೆ ಮೂಲ ಕಾಗದ ಸಲ್ಲಿಸುವಾಗ ಮಾತ್ರ ಕೊಟ್ಟು, ಏನೇನು ಕೊಟ್ಟಿರಿ ಎಂಬ ಪಟ್ಟಿಗೆ ಸಹಿ ಪಡೆಯಿರಿ.

ಮೊಬೈಲಿನ ವಿಷಯದಲ್ಲಿ ಹೆಚ್ಚಿನವರು ಎಡವುತ್ತಾರೆ. ವಾಟ್ಸಾಪ್ ಮೆಸೇಜಿನ ಸ್ಕ್ರೀನ್‌ಶಾಟ್ ಇಟ್ಟುಕೊಂಡು ಹಳೆಯ ಫೋನನ್ನು ಎಕ್ಸ್‌ಚೇಂಜಿಗೆ ಹಾಕಿಬಿಡುತ್ತಾರೆ. ಭಾರತೀಯ ಸಾಕ್ಷ್ಯ ಅಧಿನಿಯಮ 2023ರ 63ನೇ ಕಲಮಿನ ಪ್ರಕಾರ ಇಂಥ ಪ್ರಿಂಟಿನ ಜೊತೆ ಒಂದು ಪ್ರಮಾಣಪತ್ರ ಬೇಕು. ಅದರಲ್ಲಿ ಎರಡು ಭಾಗ, ಒಂದಕ್ಕೆ ಫೋನು ಬಳಸುವವರ ಸಹಿ, ಇನ್ನೊಂದಕ್ಕೆ ತಜ್ಞರ ಸಹಿ. ಫೋನೇ ಇಲ್ಲವಾದರೆ ಈ ಕೆಲಸ ಕಷ್ಟ. ಕೇಸು ಮುಗಿಯುವವರೆಗೆ ಫೋನು ಇರಲಿ, ಮೆಸೇಜು ಅಳಿಸಬೇಡಿ.

ಚೆಕ್ಕು ವಾಪಸ್ಸು ಬಂದಾಗ

ಮೂರರಲ್ಲಿ ತಾರೀಖಿನ ಲೆಕ್ಕ ಅತಿ ಬಿಗಿಯಾಗಿರುವುದು ಇಲ್ಲಿ. ಮದ್ದೂರಿನ ಬೆಲ್ಲದ ವ್ಯಾಪಾರಿಯಿರಲಿ, ಮೈಸೂರಿನ ಹೆಬ್ಬಾಳದಲ್ಲಿ ಸಣ್ಣ ಕಾರ್ಖಾನೆ ನಡೆಸುವವರಿರಲಿ, ಸ್ನೇಹಿತನಿಗೆ ಕೈಸಾಲ ಕೊಟ್ಟ ಮೇಷ್ಟ್ರಿರಲಿ, ನಿಯಮ ಒಂದೇ. 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮು. ಅಪರಾಧ ಸಾಬೀತಾದರೆ 2 ವರ್ಷದವರೆಗೆ ಜೈಲು, ಅಥವಾ ಚೆಕ್ಕಿನ ಮೊತ್ತದ ಎರಡರಷ್ಟರವರೆಗೆ ದಂಡ, ಅಥವಾ ಎರಡೂ.

1. ಚೆಕ್ಕನ್ನು ಅದರ ಮೇಲಿನ ತಾರೀಖಿನಿಂದ 3 ತಿಂಗಳೊಳಗೆ ಬ್ಯಾಂಕಿಗೆ ಹಾಕಿ. ಮೊದಲು 6 ತಿಂಗಳಿತ್ತು, 2012ರ ಏಪ್ರಿಲ್ 1ರಿಂದ 3 ತಿಂಗಳು. ಹಳೆಯ ಲೆಕ್ಕದಲ್ಲೇ ಇರುವವರು ಈಗಲೂ ಸಿಗುತ್ತಾರೆ.

2. ವಾಪಸ್ಸಾದರೆ ಬ್ಯಾಂಕಿನಿಂದ ರಿಟರ್ನ್ ಮೆಮೊ ತೆಗೆದುಕೊಳ್ಳಿ. ಖಾತೆಯಲ್ಲಿ ಹಣ ಸಾಲದು, ಖಾತೆ ಮುಚ್ಚಿದೆ, ಪಾವತಿ ನಿಲ್ಲಿಸಿದ್ದಾರೆ ಎಂದು ಕಾರಣ ಬರೆದಿರುವ ಚೀಟಿ ಅದು. 'ಸ್ಟಾಪ್ ಪೇಮೆಂಟ್ ಮಾಡಿಸಿಬಿಟ್ಟಿದ್ದಾನೆ, ಇನ್ನು ಕೇಸು ನಿಲ್ಲಲ್ಲ' ಎಂದು ಕೈಬಿಡಬೇಡಿ, ಅದಕ್ಕೂ 138 ಅನ್ವಯವಾಗುತ್ತದೆ. ಮೆಮೊ ನಿಮ್ಮ ಕೈಗೆ ಬಂದ ದಿನವನ್ನು ನೋಟ್‌ಬುಕ್ಕಿನಲ್ಲಿ ಕೆಂಪು ಶಾಯಿಯಲ್ಲಿ ಬರೆಯಿರಿ. ಮುಂದಿನ ಲೆಕ್ಕವೆಲ್ಲ ಶುರುವಾಗುವುದು ಅಲ್ಲಿಂದ.

3. ಆ ದಿನದಿಂದ 30 ದಿನದೊಳಗೆ ಲಿಖಿತ ನೋಟಿಸು ಹೋಗಬೇಕು. ಫೋನಿನಲ್ಲಿ ಬೈದದ್ದು ನೋಟಿಸಲ್ಲ. ಅಂಚೆ ಕಚೇರಿಯ ರಸೀದಿ ಮತ್ತು ತಲುಪಿದ್ದಕ್ಕೆ ದಾಖಲೆ ಸಿಗುವಂತೆ ಕಳಿಸಿ. ಸರಿಯಾದ ವಿಳಾಸಕ್ಕೆ ಕಳಿಸಿದ್ದರೆ, ಬೇಕೆಂದೇ ತೆಗೆದುಕೊಳ್ಳದೆ ವಾಪಸ್ಸು ಮಾಡಿದರೂ ತಲುಪಿದಂತೆಯೇ ಕೋರ್ಟು ಭಾವಿಸುತ್ತದೆ. ಆದ್ದರಿಂದ ವಾಪಸ್ಸು ಬಂದ ಲಕೋಟೆಯನ್ನು ಒಡೆಯದೆ ಹಾಗೇ ಇಡಿ.

ನೋಟಿಸಿನಲ್ಲಿ ಕೇಳುವ ಮೊತ್ತ ಚೆಕ್ಕಿನ ಮೊತ್ತಕ್ಕೆ ರೂಪಾಯಿ ಬಿಡದೆ ತಾಳೆಯಾಗಬೇಕು. ಬಡ್ಡಿ, ನೋಟಿಸಿನ ಖರ್ಚು ಕೇಳುವುದಿದ್ದರೆ ಬೇರೆಯಾಗಿ ಬರೆಸಿ. ಎಲ್ಲವನ್ನೂ ಕೂಡಿಸಿ ಒಂದೇ ಅಂಕಿ ಬರೆದ ನೋಟಿಸುಗಳಿಂದ ಒಳ್ಳೆಯ ಕೇಸುಗಳೇ ಬಿದ್ದಿವೆ. ಟೈಪಿಂಗಿನಲ್ಲಿ ಒಂದು ಸೊನ್ನೆ ಹೆಚ್ಚುಕಡಿಮೆಯಾದರೂ ಅದೇ ಗತಿ. ವಕೀಲರ ಗುಮಾಸ್ತರು ಟೈಪು ಮಾಡಿದ್ದನ್ನು ಸಹಿಗೆ ಮುಂಚೆ ನೀವೇ ಒಮ್ಮೆ ಓದಿ, ಇದರಲ್ಲಿ ಸಂಕೋಚ ಬೇಡ. ಚೆಕ್ಕು ಕಂಪನಿಯದ್ದಾದರೆ ಕಂಪನಿಯ ಹೆಸರಿಗೂ ನೋಟಿಸು ಹೋಗಬೇಕು, ಆಮೇಲೆ ಕೇಸಿನಲ್ಲೂ ಕಂಪನಿ ಆರೋಪಿಯಾಗಬೇಕು. ಸಹಿ ಹಾಕಿದ ನಿರ್ದೇಶಕರೊಬ್ಬರ ಮೇಲೆ ಮಾತ್ರ ಹಾಕಿದ ಕೇಸು ನಿಲ್ಲುವುದಿಲ್ಲ.

4. ನೋಟಿಸು ತಲುಪಿದ ಮೇಲೆ ಹಣ ಕಟ್ಟಲು ಅವರಿಗೆ 15 ದಿನ. ಆ 15 ದಿನ ಮುಗಿಯುವ ಮುಂಚೆ ಹಾಕಿದ ದೂರು ಅಕಾಲಿಕ, ಅದು ಊರ್ಜಿತವಲ್ಲ. ಅವಸರವೂ ಇಲ್ಲಿ ತಪ್ಪೇ.

5. 15 ದಿನ ಮುಗಿದ ಮೇಲೆ ಒಂದು ತಿಂಗಳೊಳಗೆ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ದೂರು. ತಡವಾದರೆ ತಕ್ಕ ಕಾರಣ ತೋರಿಸಿ ಮನ್ನಾ ಕೇಳಬಹುದು, ಕೊಡುವುದು ಬಿಡುವುದು ಕೋರ್ಟಿಗೆ ಬಿಟ್ಟದ್ದು.

ಒಂದು ಲೆಕ್ಕ ಹಾಕಿ ನೋಡೋಣ. ಮೆಮೊ ಬಂದದ್ದು ಜೂನ್ 2. ನೋಟಿಸು ಜುಲೈ 2ರೊಳಗೆ ಹೋಗಬೇಕು. ನೀವು ಜೂನ್ 20ಕ್ಕೆ ಕಳಿಸಿದಿರಿ, ಅವರಿಗೆ ಜೂನ್ 24ರಂದು ತಲುಪಿತು. ಜುಲೈ 9ರವರೆಗೆ ಅವರ ಸಮಯ. ಜುಲೈ 10ರಿಂದ ನಿಮ್ಮ ತಿಂಗಳು. ಆಗಸ್ಟಿನ ಮೊದಲ ವಾರದೊಳಗೆ ದೂರು ಹಾಕಿಬಿಡಿ, ಕೊನೆಯ ದಿನದವರೆಗೆ ಎಳೆಯಬೇಡಿ.

30 ದಿನ ತಪ್ಪಿಹೋಯಿತೇ? ಚೆಕ್ಕಿನ 3 ತಿಂಗಳು ಇನ್ನೂ ಮುಗಿದಿಲ್ಲವಾದರೆ ಮತ್ತೊಮ್ಮೆ ಬ್ಯಾಂಕಿಗೆ ಹಾಕಿ. ಮತ್ತೆ ವಾಪಸ್ಸಾದರೆ ಹೊಸ ಮೆಮೊ, ಹೊಸ 30 ದಿನ. ಸುಪ್ರೀಂ ಕೋರ್ಟು 2012ರಲ್ಲೇ ಇದನ್ನು ಒಪ್ಪಿದೆ.

ಕೇಸು ಎಲ್ಲಿ ಹಾಕುವುದು ಎನ್ನುವುದು ಇನ್ನೊಂದು ಗೊಂದಲ. 2015ರ ತಿದ್ದುಪಡಿಯ ನಂತರ, ನೀವು ಚೆಕ್ಕನ್ನು ನಿಮ್ಮ ಖಾತೆಗೆ ಜಮಾ ಮಾಡಿದ್ದರೆ, ಆ ಖಾತೆ ಇರುವ ಶಾಖೆ ಯಾವ ಕೋರ್ಟಿನ ವ್ಯಾಪ್ತಿಯಲ್ಲಿದೆಯೋ ಅಲ್ಲಿ. ಚೆಕ್ಕು ಕೊಟ್ಟವರು ಬೆಂಗಳೂರಿನಲ್ಲಿದ್ದರೂ ನಿಮ್ಮ ಖಾತೆ ಮದ್ದೂರಿನಲ್ಲಿದ್ದರೆ ಅವರೇ ಮದ್ದೂರಿಗೆ ಬರಬೇಕು.

ಎಚ್ಚರಿಕೆಯ ಒಂದು ಮಾತು: 1 ಲಕ್ಷದ ಚೆಕ್ಕು ಕೈಯಲ್ಲಿದೆ, ನಡುವೆ 30 ಸಾವಿರ ಗೂಗಲ್ ಪೇಯಲ್ಲಿ ಬಂತು. ಈಗ 1 ಲಕ್ಷಕ್ಕೇ ಚೆಕ್ಕು ಹಾಕಿದರೆ ನಿಮ್ಮ ಕೇಸೇ ದುರ್ಬಲ. ಬಂದ ಹಣವನ್ನು ಚೆಕ್ಕಿನ ಮೇಲೆ ನಮೂದಿಸಬೇಕು, ಇಲ್ಲವೇ ಉಳಿದ ಬಾಕಿಗೆ ಹೊಸ ಚೆಕ್ಕು ಪಡೆಯಬೇಕು.

ಇನ್ನು ಚೆಕ್ಕು ಕೊಟ್ಟು ಸಿಕ್ಕಿಕೊಂಡವರಿಗೆ. ಚೀಟಿ ನಡೆಸುವವರಿಗೆ, ಫೈನಾನ್ಸಿನವರಿಗೆ 'ಸೆಕ್ಯೂರಿಟಿಗೆ' ಎಂದು ಖಾಲಿ ಚೆಕ್ಕಿಗೆ ಸಹಿ ಹಾಕಿ ಕೊಡುವ ಅಭ್ಯಾಸ ನಮ್ಮಲ್ಲಿ ವಿಪರೀತ. ಸಹಿ ನಿಮ್ಮದೆಂದು ಒಪ್ಪಿದ ಮೇಲೆ, ಅಂಕಿ ಬೇರೆಯವರು ತುಂಬಿದ್ದರೂ, ಸಾಲ ಇತ್ತೆಂದೇ ಕೋರ್ಟು ಮೊದಲು ಭಾವಿಸುತ್ತದೆ. ಇಲ್ಲ ಎಂದು ತೋರಿಸುವ ಹೊರೆ ನಿಮ್ಮ ತಲೆ ಮೇಲೆ. ನೋಟಿಸು ಬಂದಾಗ ಸುಮ್ಮನಿರಬೇಡಿ, 15 ದಿನದೊಳಗೆ ಉತ್ತರ ಕೊಡಿಸಿ. ಉತ್ತರ ಕೊಡದೆ ಇದ್ದು, ವರ್ಷದ ಮೇಲೆ ಕಟಕಟೆಯಲ್ಲಿ ಹೇಳುವ ಹೊಸ ಕಥೆಗೆ ಬೆಲೆ ಕಡಿಮೆ. ಕೇಸು ನಡೆಯುವಾಗಲೇ ಚೆಕ್ಕಿನ ಮೊತ್ತದ 20 ಶೇಕಡದವರೆಗೆ ಮಧ್ಯಂತರ ಪರಿಹಾರ ಕಟ್ಟಿಸುವ ಅಧಿಕಾರವೂ 2018ರಿಂದ ಕೋರ್ಟಿಗಿದೆ. ರಾಜಿಯಾಗುವುದಾದರೆ ಯಾವ ಹಂತದಲ್ಲೂ ಆಗಬಹುದು.

138ರ ಗಡುವು ಪೂರ್ತಿ ತಪ್ಪಿದರೂ ಹಣ ವಸೂಲಿಯ ಸಿವಿಲ್ ದಾವೆ ಉಳಿದಿರುತ್ತದೆ. ಅದಕ್ಕೆ ಸಾಮಾನ್ಯವಾಗಿ 3 ವರ್ಷ. ಪ್ರೋನೋಟು ಬರೆಸಿಕೊಂಡಿದ್ದು, ಕೇಳಿದಾಗ ಕೊಡುವೆನೆಂದು ಅದರಲ್ಲಿದ್ದರೆ, ಅದರ ತಾರೀಖಿನಿಂದಲೇ ಈ 3 ವರ್ಷ ಓಡುತ್ತದೆ, ನೀವು ಕೇಳಿದ ದಿನದಿಂದಲ್ಲ. ಮುಗಿಯುವ ಮುಂಚೆ ಸಾಲಗಾರರಿಂದ 'ಇಷ್ಟು ಬಾಕಿ ಇದೆ' ಎಂದು ಸಹಿ ಮಾಡಿದ ಪತ್ರ ಸಿಕ್ಕರೆ ಅಲ್ಲಿಂದ ಮತ್ತೆ 3 ವರ್ಷ. 3 ಲಕ್ಷ ಮತ್ತು ಅದಕ್ಕೂ ಮೇಲಿನ ವ್ಯಾಪಾರದ ವ್ಯಾಜ್ಯವಾದರೆ, ತುರ್ತು ಆದೇಶ ಬೇಕಿಲ್ಲದಿದ್ದಾಗ, ದಾವೆಗೆ ಮುಂಚೆ ಮಧ್ಯಸ್ಥಿಕೆಗೆ ಹೋಗುವುದು ಕಡ್ಡಾಯ.

ಉದ್ಯಮ್ ನೋಂದಣಿ ಇರುವ ಸಣ್ಣ ಕೈಗಾರಿಕೆಯವರಿಗೆ ಬೇರೆ ದಾರಿಯೂ ಇದೆ. ಸರಕು ಒಪ್ಪಿಕೊಂಡವರು ಹೆಚ್ಚೆಂದರೆ 45 ದಿನದಲ್ಲಿ ಹಣ ಕೊಡಬೇಕು, ತಪ್ಪಿದರೆ ರಿಸರ್ವ್ ಬ್ಯಾಂಕಿನ ದರದ ಮೂರರಷ್ಟು ಚಕ್ರಬಡ್ಡಿ. ಇದಕ್ಕೆಂದೇ ಇರುವ ಸರ್ಕಾರದ ಆನ್‌ಲೈನ್ ಪೋರ್ಟಲ್ಲಿನಲ್ಲಿ ಅರ್ಜಿ ಹಾಕಬಹುದು. ಆದರೆ ಬರೀ ಕೊಂಡು ಮಾರುವ ಅಂಗಡಿ ವ್ಯಾಪಾರಕ್ಕೆ ಈ ರಕ್ಷಣೆ ಇಲ್ಲ.

ಬಾಕಿ ಸಂಬಳ, ಗ್ರಾಚ್ಯುಟಿ

ಇಲ್ಲಿ ನಿಯಮಗಳು ಈಚೆಗೆ ಬದಲಾಗಿವೆ. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಯಾದವು. ನಿಮ್ಮ ಸ್ನೇಹಿತರು ಮೂರು ವರ್ಷದ ಹಿಂದೆ ಮಾಡಿದ್ದು ನಿಮಗೆ ಹಾಗೇ ಒಪ್ಪುವುದಿಲ್ಲ.

1. ಕೆಲಸ ಬಿಡುವ ಮುಂಚೆಯೇ ಕಾಗದ ಕೂಡಿಸಿ: ನೇಮಕಾತಿ ಪತ್ರ, ಸಂಬಳದ ಚೀಟಿಗಳು, ಸಂಬಳ ಜಮಾ ಆಗುವ ಖಾತೆಯ ಪಾಸ್‌ಬುಕ್ಕು, ಹಾಜರಿಯ ಫೋಟೊ, ಪಿಎಫ್ ಪಾಸ್‌ಬುಕ್ಕು. ಕಂಪನಿಯ ಇಮೇಲು ಕೊನೆಯ ದಿನ ಬಂದ್ ಆಗುತ್ತದೆ ಎಂಬುದು ನೆನಪಿರಲಿ. ನೇಮಕಾತಿ ಪತ್ರವನ್ನೇ ಕೊಟ್ಟಿಲ್ಲವೆಂದು ಹೆದರಬೇಡಿ, ಬ್ಯಾಂಕು ಖಾತೆಯೇ ಮಾತಾಡುತ್ತದೆ.

2. ರಾಜೀನಾಮೆಯನ್ನು ಲಿಖಿತವಾಗಿ, ತಾರೀಖು ಹಾಕಿ, ಸ್ವೀಕೃತಿ ಪಡೆದು ಕೊಡಿ. ಸಿಟ್ಟಿನಲ್ಲಿ ಎದ್ದು ಬಂದು ಮರುದಿನ ಫೋನು ಆಫ್ ಮಾಡಿದರೆ 'ಹೇಳದೆ ಕೇಳದೆ ಬಿಟ್ಟುಹೋದರು' ಎಂದು ಅವರು ಬರೆಯುತ್ತಾರೆ.

3. ಈ ನಾಲ್ಕರಲ್ಲಿ ಒಂದಾದ ವೇತನ ಸಂಹಿತೆಯ 17ನೇ ಕಲಮಿನ ಪ್ರಕಾರ, ರಾಜೀನಾಮೆ ಕೊಟ್ಟರೂ, ತೆಗೆದುಹಾಕಿದರೂ ಬಾಕಿ ಸಂಬಳವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕು. 'ಫೈನಲ್ ಸೆಟ್ಲ್‌ಮೆಂಟ್ 45 ದಿನ, ಕಂಪನಿ ಪಾಲಿಸಿ' ಎನ್ನುವುದು ಸಂಬಳದ ಮಟ್ಟಿಗೆ ನಡೆಯುವುದಿಲ್ಲ. ಈ ಕಲಮನ್ನು ನಮೂದಿಸಿ ಒಂದು ಇಮೇಲು ಹಾಕಿ. ಎಷ್ಟೋ ಬಾರಿ ಅದೇ ಸಾಕಾಗುತ್ತದೆ.

4. ಆಗಲೂ ಬರದಿದ್ದರೆ ಜಿಲ್ಲಾ ಕಾರ್ಮಿಕ ಇಲಾಖೆಯ ಕಚೇರಿಗೆ ಲಿಖಿತ ಅರ್ಜಿ. ಕಾಲಮಿತಿ 3 ವರ್ಷ. ಸಂಬಳ ಕೊಟ್ಟಿದ್ದೇವೆ ಎಂದು ಸಾಬೀತು ಮಾಡುವ ಹೊರೆ ಮಾಲೀಕರದ್ದು. ಇದು ಬಹಳ ಜನಕ್ಕೆ ಗೊತ್ತಿಲ್ಲ.

ಗ್ರಾಚ್ಯುಟಿ ಎಂದರೆ ದೀರ್ಘ ಸೇವೆಗೆ ಮಾಲೀಕರು ಕೊಡಬೇಕಾದ ಉಪದಾನ. 5 ವರ್ಷ ನಿರಂತರ ಸೇವೆಯಾಗಿರಬೇಕು, ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಜಾಗವಾಗಿರಬೇಕು. ನಿಗದಿತ ಅವಧಿಯ ಒಪ್ಪಂದದ ಮೇಲೆ ಇರುವವರಿಗೆ ಹೊಸ ಸಂಹಿತೆಯಲ್ಲಿ ಒಂದು ವರ್ಷಕ್ಕೇ ಹಕ್ಕು ಬರುತ್ತದೆ. ಲೆಕ್ಕ ಹೀಗೆ: ಕೊನೆಯ ತಿಂಗಳ ವೇತನವನ್ನು (ಮೂಲ ವೇತನ ಮತ್ತು ತುಟ್ಟಿಭತ್ಯೆ) 15ರಿಂದ ಗುಣಿಸಿ, 26ರಿಂದ ಭಾಗಿಸಿ, ಸೇವೆಯ ವರ್ಷಗಳಿಂದ ಗುಣಿಸಿ. ವೇತನ 18,000, ಸೇವೆ 7 ವರ್ಷ 8 ತಿಂಗಳು ಎನ್ನಿ. 6 ತಿಂಗಳು ಮೀರಿದ್ದರಿಂದ 8 ವರ್ಷ. ಬರುವುದು ಸುಮಾರು 83,077 ರೂಪಾಯಿ. ಭತ್ಯೆಗಳ ಹೆಸರಿನಲ್ಲಿ ಅರ್ಧಕ್ಕಿಂತ ಹೆಚ್ಚು ಸಂಬಳ ಹಂಚಿದ್ದರೆ, ಅರ್ಧ ಮೀರಿದ ಭಾಗವೂ ಈಗ ವೇತನದ ಲೆಕ್ಕಕ್ಕೆ ಸೇರುತ್ತದೆ. 'ನೀನೇ ಬಿಟ್ಟು ಹೋಗಿದ್ದು, ಗ್ರಾಚ್ಯುಟಿ ಇಲ್ಲ' ಎಂಬುದು ಶುದ್ಧ ಸುಳ್ಳು, ರಾಜೀನಾಮೆ ಕೊಟ್ಟವರಿಗೂ ಉಂಟು.

ಮದ್ದೂರು, ಶ್ರೀರಂಗಪಟ್ಟಣ ಕಡೆ ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಕ್ಕಳಿಗೆ ಒಂದು ಕಿವಿಮಾತು. ಖಾಲಿ ಹಾಳೆಗೆ ಅಥವಾ 'ನನಗೆ ಬರಬೇಕಾದ್ದೆಲ್ಲ ಬಂದಿದೆ' ಎಂದು ಇಂಗ್ಲಿಷಿನಲ್ಲಿ ಬರೆದ ಹಾಳೆಗೆ ಹಣ ಕೈ ಸೇರುವ ಮುಂಚೆ ಸಹಿ ಹಾಕಬೇಡಿ. ಹಾಕಲೇಬೇಕಾಗಿ ಬಂದರೆ ಸಹಿಯ ಪಕ್ಕ ಕನ್ನಡದಲ್ಲೇ 'ಹಣ ಇನ್ನೂ ಬಂದಿಲ್ಲ' ಎಂದು ಬರೆದು ಫೋಟೊ ತೆಗೆದುಕೊಳ್ಳಿ. ಸಂಬಳದಲ್ಲಿ ಹಿಡಿದ ಪಿಎಫ್ ಕಟ್ಟಿಲ್ಲವಾದರೆ ಪಿಎಫ್ ಸಂಸ್ಥೆಯ ಆನ್‌ಲೈನ್ ದೂರು ವ್ಯವಸ್ಥೆಯಲ್ಲಿ ಯುಎಎನ್ ಸಂಖ್ಯೆ (ಪಿಎಫ್ ಸದಸ್ಯರಿಗೆ ಕೊಡುವ ಗುರುತಿನ ಸಂಖ್ಯೆ) ಹಾಕಿ ದೂರು ಕೊಡಬಹುದು.

ಪಾಲಿನ ಪ್ರಶ್ನೆ

ಹೆದ್ದಾರಿಗೆ ಜಮೀನು ಹೋಗಿ ಪರಿಹಾರ ಬಂದ ಊರುಗಳಲ್ಲಿ ಈ ಪ್ರಶ್ನೆ ಮನೆಮನೆಯದ್ದು. ಮದುವೆಯಾಗಿ ಇಪ್ಪತ್ತು ವರ್ಷವಾದ ಅಕ್ಕ ತವರಿನಲ್ಲಿ ಪಾಲು ಕೇಳಿದರೆ ಊರೇ ಮಾತಾಡುತ್ತದೆ. ಕಾನೂನು ಏನು ಹೇಳುತ್ತದೆಂದು ಮೊದಲು ತಿಳಿಯೋಣ. ಇದು ಹಿಂದೂ ಉತ್ತರಾಧಿಕಾರ ಕಾಯ್ದೆ 1956 ಅನ್ವಯಿಸುವ ಕುಟುಂಬಗಳಿಗೆ ಮಾತ್ರ.

ಕರ್ನಾಟಕ 1994ರಲ್ಲೇ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದ ಹಕ್ಕು ಕೊಟ್ಟಿತ್ತು, ಆದರೆ ಅದಕ್ಕೆ ಮುಂಚೆ ಮದುವೆಯಾದವರನ್ನು ಹೊರಗಿಟ್ಟಿತ್ತು. 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ಕೇಂದ್ರದ ತಿದ್ದುಪಡಿಯಲ್ಲಿ ಆ ಭೇದವಿಲ್ಲ. ಅಪ್ಪ 2005ಕ್ಕೆ ಮುಂಚೆಯೇ ತೀರಿಕೊಂಡಿದ್ದರೆ ಹೇಗೆ ಎಂಬ ಗೊಂದಲ ಹದಿನೈದು ವರ್ಷ ಉಳಿದಿತ್ತು. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅದನ್ನು ಬಿಡಿಸಿತು: ಹಕ್ಕು ಹುಟ್ಟಿನಿಂದ ಬರುತ್ತದೆ, ಅಪ್ಪ ಆ ದಿನ ಬದುಕಿರಬೇಕೆಂದಿಲ್ಲ.

1. ಆಸ್ತಿ ಯಾವ ಬಗೆಯದು ಎಂದು ಪತ್ತೆ ಮಾಡಿ. ತಲೆತಲಾಂತರದಿಂದ ಬಂದದ್ದು ಪಿತ್ರಾರ್ಜಿತ. ಅಪ್ಪ ಸ್ವಂತ ದುಡಿಮೆಯಲ್ಲಿ ಕೊಂಡದ್ದು ಸ್ವಯಾರ್ಜಿತ. ಸ್ವಯಾರ್ಜಿತವನ್ನು ಅವರು ಯಾರಿಗೆ ಬೇಕಾದರೂ ಮಾರಬಹುದು, ವಿಲ್ ಬರೆಯಬಹುದು. ಮಕ್ಕಳು ತಡೆಯಲಾರರು. ವಿಲ್ ಬರೆಯದೆ ತೀರಿಕೊಂಡರೆ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ಬದುಕಿದ್ದರೆ ಅವರ ತಾಯಿ, ಎಲ್ಲರಿಗೂ ಸಮಪಾಲು. ತಾಯಿ ಇಲ್ಲದೆ, ಹೆಂಡತಿ, ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು ಇದ್ದರೆ ತಲಾ ನಾಲ್ಕರಲ್ಲಿ ಒಂದು.

2. ಕಾಗದ ತೆಗೆಸಿ. ನಾಡಕಚೇರಿಯಲ್ಲಿ ವಂಶವೃಕ್ಷ. ಈಗಿನದಷ್ಟೇ ಅಲ್ಲ, ತಾತನ ಕಾಲದವರೆಗಿನ ಪಹಣಿಗಳು, ಪ್ರತಿ ಬಾರಿ ಖಾತೆ ಬದಲಾದಾಗಿನ ಮ್ಯುಟೇಷನ್ (ಎಂ.ಆರ್.) ನಕಲು, ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಸಿಗುವ ಋಣಭಾರ ಪತ್ರ (ಇ.ಸಿ.). ತಾಲ್ಲೂಕು ಕಚೇರಿಯ ಅಭಿಲೇಖಾಲಯದಲ್ಲಿ ಹಳೆಯ ದಾಖಲೆ ಹುಡುಕಿಸಲು ನಾಲ್ಕು ಬಾರಿ ಅಲೆಯಬೇಕಾದೀತು. ಬೇಸರಪಡಬೇಡಿ, ಕೇಸಿನ ಜೀವ ಇರುವುದೇ ಅಲ್ಲಿ. ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರು ಬಿಟ್ಟು ಬರೆಸುವುದು ಹಳೆಯ ಚಾಳಿ, ಅದನ್ನೇ ಮೊದಲು ನೋಡಿ.

3. ಆಗಲೇ ಏನಾಗಿದೆ ನೋಡಿ. 2004ರ ಡಿಸೆಂಬರ್ 20ಕ್ಕೆ ಮುಂಚೆ ನೋಂದಾಯಿತ ವಿಭಾಗ ಪತ್ರವಾಗಿದ್ದರೆ, ಕೋರ್ಟಿನ ಮೂಲಕ ಭಾಗವಾಗಿದ್ದರೆ, ಅಥವಾ ಆಸ್ತಿ ಮಾರಾಟವಾಗಿದ್ದರೆ ಅದನ್ನು 2005ರ ತಿದ್ದುಪಡಿ ಮುಟ್ಟುವುದಿಲ್ಲ. 'ಪಂಚಾಯ್ತಿ ಪಾಲುಪಟ್ಟಿ ಆಗಿದೆ, ಬಾಯಿಮಾತಲ್ಲಿ ಹಂಚಿಕೊಂಡಿದ್ದೀವಿ' ಎಂಬ ಅಣ್ಣತಮ್ಮಂದಿರ ವಾದವನ್ನು ಕೋರ್ಟು ಸುಲಭಕ್ಕೆ ಒಪ್ಪುವುದಿಲ್ಲ. ಸರ್ಕಾರಿ ದಾಖಲೆಗಳ ಬಲವಾದ ಬೆಂಬಲ ಇದ್ದಾಗ ಮಾತ್ರ ಅಪರೂಪಕ್ಕೆ ಒಪ್ಪುತ್ತದೆ.

ಇಲ್ಲೇ ದೊಡ್ಡ ಬಲೆ. ಗೌರಿ ಹಬ್ಬಕ್ಕೆ ಕರೆದು, ಅರಿಶಿನ ಕುಂಕುಮಕ್ಕೆಂದು ಒಂದಿಷ್ಟು ಹಣ ಕೈಗಿಟ್ಟು, 'ಖಾತೆ ಮಾಡಿಸೋಕೆ ಒಂದು ಸಹಿ ಅಷ್ಟೇ ಅಕ್ಕ' ಎಂದು ಸಬ್ ರಿಜಿಸ್ಟ್ರಾರ್ ಕಚೇರಿಗೆ ಕರೆದೊಯ್ಯುತ್ತಾರೆ. ಖಾತೆ ಬದಲಾವಣೆಯ ಕೆಲಸ ನಡೆಯುವುದು ಕಂದಾಯ ಇಲಾಖೆಯಲ್ಲಿ. ಸಬ್ ರಿಜಿಸ್ಟ್ರಾರ್ ಮುಂದೆ ಕೂತು ಹೆಬ್ಬೆಟ್ಟು, ಫೋಟೊ ಕೊಟ್ಟರೆ ಅದು ಬಹುತೇಕ ಹಕ್ಕು ಬಿಡುಗಡೆ ಪತ್ರ, ಅಂದರೆ 'ನನ್ನ ಪಾಲು ಬಿಟ್ಟುಕೊಟ್ಟಿದ್ದೇನೆ' ಎಂಬ ದಸ್ತಾವೇಜು. ಮನಸಾರೆ ಬಿಟ್ಟುಕೊಡುವುದು ನಿಮ್ಮ ಇಷ್ಟ, ಅದರಲ್ಲಿ ತಪ್ಪಿಲ್ಲ. ಓದಿಸಿ ಕೇಳದೆ ಸಹಿ ಹಾಕಬೇಡಿ, ಅಷ್ಟೇ. ಮೋಸದಿಂದ ಮಾಡಿಸಿಕೊಂಡಿದ್ದರೆ, ಮೋಸ ಗೊತ್ತಾದ ದಿನದಿಂದ 3 ವರ್ಷದೊಳಗೆ ರದ್ದತಿಗೆ ದಾವೆ ಹಾಕಬೇಕು. ನೋಂದಣಿಯಾಗದ ಬಿಳಿ ಹಾಳೆಯ ಬಿಡುಗಡೆಗೆ ಜಮೀನಿನ ವಿಷಯದಲ್ಲಿ ಬೆಲೆ ಇಲ್ಲ. ಹಾಗೆಯೇ, ಪಹಣಿಯಲ್ಲಿ ಅಣ್ಣನ ಹೆಸರು ಮಾತ್ರ ಇದೆ ಎಂದು ಕುಗ್ಗಬೇಡಿ. ಪಹಣಿ ಕಂದಾಯದ ದಾಖಲೆ, ಒಡೆತನದ ಹಕ್ಕುಪತ್ರವಲ್ಲ.

4. ಮೊದಲು ಮಾತುಕತೆ, ಅದೂ ಲಿಖಿತ. ನೋಟಿಸು ಕೊಡಿಸಿ. ಒಪ್ಪಿದರೆ ಎಲ್ಲ ಪಾಲುದಾರರೂ ಸೇರಿ ವಿಭಾಗ ಪತ್ರ ನೋಂದಣಿ ಮಾಡಿಸಿ, 11ಇ ನಕ್ಷೆ (ಜಮೀನು ಭಾಗ ಮಾಡುವಾಗ ಸರ್ವೆಯವರು ಅಳೆದು ಕೊಡುವ ನಕ್ಷೆ) ಮಾಡಿಸಿ. ನನ್ನ ಅಭಿಪ್ರಾಯ ಕೇಳಿದರೆ, ಅರ್ಧ ಗುಂಟೆ ಹೆಚ್ಚುಕಡಿಮೆಯಾದರೂ ಇಲ್ಲೇ ಮುಗಿಸುವುದು ಲೇಸು. ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ನೀರು ಹರಿಯುವ ಗದ್ದೆಗೆ ದಾವೆ ಹಾಕಿ, ಮೊಮ್ಮಕ್ಕಳ ಕಾಲಕ್ಕೆ ಡಿಕ್ರಿ ಪಡೆದವರಿದ್ದಾರೆ.

5. ಒಪ್ಪದಿದ್ದರೆ ವಿಭಾಗ ದಾವೆ. ಕುಟುಂಬದ ಎಲ್ಲ ಆಸ್ತಿಯನ್ನೂ, ಎಲ್ಲ ಪಾಲುದಾರರನ್ನೂ ಸೇರಿಸಬೇಕು. ಕೊಂಡವರು ಇದ್ದರೆ ಅವರನ್ನೂ. ಒಬ್ಬ ತಂಗಿಯನ್ನು ಬಿಟ್ಟರೂ, ಒಂದು ಸರ್ವೆ ನಂಬರು ಮರೆತರೂ ದಾವೆ ಕುಂಟುತ್ತದೆ. ಜಂಟಿ ಸ್ವಾಧೀನದಲ್ಲಿದ್ದೀರಿ ಎಂದಾದರೆ ಕರ್ನಾಟಕದ ನ್ಯಾಯಾಲಯ ಶುಲ್ಕ ಕಾಯ್ದೆಯಲ್ಲಿ ಹೆಚ್ಚೆಂದರೆ 200 ರೂಪಾಯಿ ಶುಲ್ಕ. ಪಾಲಿನಿಂದ ಹೊರಗಿಟ್ಟದ್ದು ಗೊತ್ತಾದ ದಿನದಿಂದ 12 ವರ್ಷ ಕಾಲಮಿತಿ. ಮಾರಿಬಿಡುವ ಭಯವಿದ್ದರೆ ದಾವೆಯ ಜೊತೆಯಲ್ಲೇ ತಾತ್ಕಾಲಿಕ ತಡೆಯಾಜ್ಞೆಗೆ ಅರ್ಜಿ ಹಾಕಿಸಿ.

6. ಗೆದ್ದ ಮೇಲೂ ಕೆಲಸ ಮುಗಿಯುವುದಿಲ್ಲ. ಮೊದಲು ಬರುವುದು ಪ್ರಾಥಮಿಕ ಡಿಕ್ರಿ, ಯಾರಿಗೆ ಎಷ್ಟನೇ ಪಾಲು ಎಂಬ ತೀರ್ಮಾನ ಮಾತ್ರ. ಜಮೀನಿನಲ್ಲಿ ಗೆರೆ ಎಳೆದು ಸ್ವಾಧೀನ ಕೊಡಿಸಲು ಅಂತಿಮ ಡಿಕ್ರಿ ಬೇಕು. ಪ್ರಾಥಮಿಕ ಡಿಕ್ರಿಗೆ ಸಿಹಿ ಹಂಚಿ, ಅದನ್ನು ಬೀರುವಿನಲ್ಲಿಟ್ಟು ಮರೆತವರು ಬಹಳ.

ಭೂಸ್ವಾಧೀನದ ಪರಿಹಾರದ ವಿಷಯವಾದರೆ ದಾವೆಯ ದಾರಿ ನೋಡುತ್ತಾ ಕೂರಬೇಡಿ. ಹಣ ಪಹಣಿಯಲ್ಲಿರುವ ಹೆಸರಿಗೆ ಹೋಗಿಬಿಡುತ್ತದೆ. ವಿಶೇಷ ಭೂಸ್ವಾಧೀನಾಧಿಕಾರಿಗೆ ವಂಶವೃಕ್ಷದ ಸಮೇತ ಲಿಖಿತ ತಕರಾರು ಕೊಟ್ಟು ಸ್ವೀಕೃತಿ ಪಡೆಯಿರಿ.

ಹಿರಿಯರಿಗೆ ಒಂದು ಮಾತು ಇಲ್ಲೇ ಹೇಳಬೇಕು. ಮಗನಿಗೋ ಮಗಳಿಗೋ ಮನೆಯನ್ನು ದಾನಪತ್ರ ಮಾಡಿಕೊಡುವಾಗ 'ನನ್ನನ್ನು ಕೊನೆಯವರೆಗೆ ನೋಡಿಕೊಳ್ಳಬೇಕು' ಎಂಬ ಷರತ್ತನ್ನು ಪತ್ರದಲ್ಲೇ ಬರೆಸಿ. ನೋಡಿಕೊಳ್ಳದಿದ್ದರೆ 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಮಿನಡಿ ಉಪವಿಭಾಗಾಧಿಕಾರಿಯ ಮುಂದೆ ಪತ್ರ ರದ್ದುಮಾಡಲು ಕೇಳಬಹುದು. ಷರತ್ತೇ ಇಲ್ಲದಿದ್ದರೆ ಕಷ್ಟ.

ಗಂಡನ ಮನೆಯಿಂದ ಬಂದವರ ಜೀವನಾಂಶ

ಈ ಪ್ರಶ್ನೆಯೂ ಬರುತ್ತಿರುತ್ತದೆ, ಚಿಕ್ಕದಾಗಿ ಹೇಳುತ್ತೇನೆ. ಜೀವನಾಂಶಕ್ಕೆ ಇದ್ದ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮು 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಾಗಿದೆ. ಹೆಂಡತಿ ತಾನು ವಾಸಿಸುವ ಊರಿನಲ್ಲೇ ಅರ್ಜಿ ಹಾಕಬಹುದು. ಗಂಡ ಬೆಂಗಳೂರಿನಲ್ಲಿದ್ದರೂ ತವರು ಮಂಡ್ಯವಾದರೆ ಮಂಡ್ಯದಲ್ಲೇ. ವಿಚ್ಛೇದನ ಕೇಳಲೇಬೇಕೆಂದಿಲ್ಲ. ಅರ್ಜಿಯ ಜೊತೆ ಮಧ್ಯಂತರ ಜೀವನಾಂಶವನ್ನೂ ಕೇಳಿ. ಇಬ್ಬರೂ ತಮ್ಮ ಆಸ್ತಿ, ಆದಾಯ, ಖರ್ಚಿನ ಪ್ರಮಾಣಪತ್ರ ಸಲ್ಲಿಸಬೇಕೆಂದೂ, ಅರ್ಜಿ ಹಾಕಿದ ದಿನದಿಂದಲೇ ಜೀವನಾಂಶ ಲೆಕ್ಕ ಹಾಕಬೇಕೆಂದೂ ಸುಪ್ರೀಂ ಕೋರ್ಟು 2020ರ ನವೆಂಬರಿನಲ್ಲಿ ಹೇಳಿದೆ. ಅಂದರೆ ತಡ ಮಾಡಿದ ಪ್ರತಿ ತಿಂಗಳೂ ನಿಮಗೇ ನಷ್ಟ. ಗಂಡನ ಸಂಬಳದ ಸುಳಿವು, ಮಕ್ಕಳ ಶಾಲೆಯ ಶುಲ್ಕದ ರಸೀದಿ, ಮದುವೆ ಫೋಟೊ ಕೂಡಿಸಿ. ಹೊಡೆತ ಬಡಿತ ಇದ್ದರೆ ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯನ್ನು ನೋಡಿ, ಅವರೇ ಸಂರಕ್ಷಣಾಧಿಕಾರಿ.

ವಕೀಲರು, ಖರ್ಚು

ಹಣವಿಲ್ಲ ಎಂಬ ಕಾರಣಕ್ಕೆ ಗಡುವು ಕಳೆಯಬೇಡಿ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಕಾರ್ಖಾನೆ ಕಾರ್ಮಿಕರು, ಅಂಗವಿಕಲರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗುತ್ತಾರೆ. ಮೈಸೂರು, ಮಂಡ್ಯ ಎರಡೂ ಕಡೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿಗೆ ಹೋಗಿ, ಅಥವಾ 15100ಕ್ಕೆ ಕರೆ ಮಾಡಿ. ಲೋಕ ಅದಾಲತ್ತಿನಲ್ಲಿ ರಾಜಿಯಾದರೆ ಅದರ ಮೇಲೆ ಮೇಲ್ಮನವಿ ಇಲ್ಲ. 'ಆಮೇಲೆ ನೋಡ್ಕೊಳ್ಳೋಣ' ಎಂದು ಅಲ್ಲಿ ಸಹಿ ಹಾಕಬೇಡಿ.

ಸ್ವಂತ ವಕೀಲರನ್ನು ಇಟ್ಟುಕೊಂಡರೆ ಮೊದಲ ದಿನವೇ ಮೂರು ಕೇಳಿ: ನನ್ನ ಕೇಸಿಗೆ ಕೊನೆಯ ದಿನ ಯಾವುದು, ಒಟ್ಟು ಶುಲ್ಕ ಎಷ್ಟು ಮತ್ತು ಯಾವ ಹಂತಕ್ಕೆ ಎಷ್ಟು, ಕೊಟ್ಟ ಹಣಕ್ಕೆ ರಸೀದಿ ಸಿಗುತ್ತದೆಯೇ. ಕೇಸು ದಾಖಲಾದ ಮೇಲೆ ಸಿಎನ್‌ಆರ್ ಸಂಖ್ಯೆ ಕೇಳಿ ಬರೆದುಕೊಳ್ಳಿ, 16 ಅಕ್ಷರ ಮತ್ತು ಅಂಕಿಗಳದ್ದು. ಇ-ಕೋರ್ಟ್ಸ್ ಆ್ಯಪಿನಲ್ಲಿ ಅದನ್ನು ಹಾಕಿದರೆ ಮುಂದಿನ ವಾಯಿದೆ ಯಾವತ್ತು, ಹಿಂದಿನ ವಾಯಿದೆಯಲ್ಲಿ ಏನಾಯಿತು ಎಂಬುದು ನಿಮ್ಮ ಫೋನಿನಲ್ಲೇ ಕಾಣುತ್ತದೆ. ಆ ವಾಯಿದೆಯನ್ನೂ ಅದೇ ನೋಟ್‌ಬುಕ್ಕಿನಲ್ಲಿ ಬರೆದಿಡಿ.